ಗೀಡಿಯೋ ಎಂಬ ಯಂತ್ರ

ಮೊಬೈಲನ್ನು ಸೀಲಿಂಗ್ ಫ್ಯಾನಿಗೆ ಕಟ್ಟಿ ಇಡೀ ಕುಟುಂಬದ ಫೋಟೋ ತೆಗೆಯಲು ಹೋಗಿ ಅತ್ತೆಯ ತಲೆಗೆ ಪೆಟ್ಟು ಮಾಡಿದ ಕೋಲಾರದ ಅಳಿಯ. ವಾಷಿಂಗ್ ಮೆಷಿನ್ನಿನ ಬೀಪ್ ಸದ್ದಿಗೆ ಸಿನಿಮಾ ಹೀರೋನಂತೆ ಕಾಲರ್ ಎತ್ತಿ ಕುಣಿಯುವ ಮೂರು ವರ್ಷದ ಮಗು. ಮಳೆ ಬಂದರೆ ತಾನಾಗಿಯೇ ಬಿಚ್ಚಿಕೊಳ್ಳಬೇಕಾದ, ಆದರೆ ಬಚ್ಚಲುಮನೆಯಲ್ಲಿ ಮಾತ್ರ ಬಿಚ್ಚಿಕೊಳ್ಳುವ ಛತ್ರಿ. ಇಂಥವನ್ನೆಲ್ಲ ನೋಡುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತದೆ ಎಂದರೆ ನಮ್ಮ ನೆಂಟರಲ್ಲಿ ಯಾರೂ ನಂಬುವುದಿಲ್ಲ.

ನನ್ನ ಹೆಸರು ಸಹನಾ. ಹೆಸರಿಗೂ ಸ್ವಭಾವಕ್ಕೂ ಸಂಬಂಧವಿಲ್ಲ ಎಂದು ಅಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಮೈಸೂರಿನ ಜರಡಿ ಕೇಂದ್ರದ ಮೋಜಿನ ವಿಭಾಗದಲ್ಲಿ ನನಗೆ ಕೆಲಸ. ಅಂತರ್ಜಾಲದಲ್ಲಿ ಜನ ನಕ್ಕು ನಕ್ಕು ಒಬ್ಬರಿಂದ ಒಬ್ಬರಿಗೆ ದಾಟಿಸುವ ಸರಕೆಲ್ಲ ನನ್ನ ಮೇಜಿನ ಮೇಲೆ ಹಾದುಹೋಗಬೇಕು. ನಗುವುದು ನನ್ನ ಕೆಲಸವಲ್ಲ. ನಿಜವೋ ಸುಳ್ಳೋ ಎಂದು ಕೊನೆಯ ಸಹಿ ಹಾಕುವುದು ನನ್ನ ಕೆಲಸ.

ಹಿಂದೊಮ್ಮೆ ಯಂತ್ರಗಳೇ ತಯಾರಿಸಿದ ಸುಳ್ಳು ವಿಡಿಯೋಗಳು ಮಿತಿಮೀರಿ, ಸತ್ತವರು ಬಂದು ಸಾಬೂನು ಮಾರುವ ಮಟ್ಟಕ್ಕೆ ಹೋಗಿತ್ತು. ಆಗ ಬಂದದ್ದು ಜರಡಿ. ಅದು ಮೂರು ಹಂತದಲ್ಲಿ ಸೋಸುತ್ತದೆ. ಮೊದಲು ಬೆಳಕು ನೆರಳು ನೋಡುತ್ತದೆ. ಆಮೇಲೆ ಮಾತಿನ ನಡುವಿನ ಉಸಿರು ಕೇಳುತ್ತದೆ. ಕೊನೆಗೆ, ಮಾತಿನಲ್ಲಿ ಬಂದ ಒಂದೊಂದು ವಸ್ತುವಿನ ಹೆಸರನ್ನೂ ಜಗತ್ತಿನ ಸಮಸ್ತ ವಸ್ತುಗಳ ಪಟ್ಟಿಯಲ್ಲಿ ಹುಡುಕುತ್ತದೆ. ಸುಳ್ಳು ವಿಡಿಯೋ ಮಾಡುವ ಯಂತ್ರಗಳಿಗೆ ಒಂದು ಚಟವಿದೆ. ಬೆಳಕು, ಉಸಿರು ಎಲ್ಲ ಅಚ್ಚುಕಟ್ಟಾಗಿ ಮಾಡಿ, ಎಲ್ಲೋ ಒಂದು ಕಡೆ ಇಲ್ಲದ ವಸ್ತುವಿನ ಹೆಸರು ಹೇಳಿಬಿಡುತ್ತವೆ. ಸಿಕ್ಕಿಬೀಳುವುದು ಅಲ್ಲೇ.

ಸಿಕ್ಕಿಬಿದ್ದ ವಿಡಿಯೋಗಳನ್ನು ಪ್ರತಿ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಅಳಿಸುತ್ತೇವೆ. ಅದಕ್ಕೆ ನಮ್ಮಲ್ಲಿ ‘ತೊಳೆತ’ ಎಂದು ಹೆಸರು. ಅಂತರ್ಜಾಲದಿಂದ ಮಾತ್ರವಲ್ಲ, ಯಾರ ಫೋನಿನಲ್ಲಿ, ಯಾರ ಮನೆಯ ಗೋಡೆಯ ಪರದೆಯಲ್ಲಿ ಪ್ರತಿ ಇದ್ದರೂ ಅದೂ ಹೋಗುತ್ತದೆ. ಒಂಬತ್ತು ವರ್ಷದಲ್ಲಿ ಜರಡಿ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ‘ಕ್ಷಮಿಸಿ, ಅದು ಮನುಷ್ಯರ ವಿಡಿಯೋ ಅಲ್ಲ’ ಎಂದು ಎಷ್ಟೋ ಮನೆಗಳಿಗೆ ನಾನೇ ಫೋನ್ ಮಾಡಿದ್ದೇನೆ. ಅತ್ತವರಿಗೆ ಹೇಳಬೇಕಾದ ಸಮಾಧಾನದ ವಾಕ್ಯವನ್ನು ನಮಗೆ ತರಬೇತಿಯಲ್ಲೇ ಬಾಯಿಪಾಠ ಮಾಡಿಸಿದ್ದರು.

ಆ ಸೋಮವಾರ ಬೆಳಿಗ್ಗೆ ನನ್ನ ಮುಂದೆ ಬಂದ ಹನ್ನೆರಡನೆಯ ವಿಡಿಯೋದಲ್ಲಿ ನಮ್ಮಪ್ಪ ಇದ್ದರು.

ಅಪ್ಪ ತಿಪ್ಪೇಸ್ವಾಮಿ ಭದ್ರಾವತಿಯಲ್ಲಿ ರೇಡಿಯೋ, ಟಿವಿ, ಮಿಕ್ಸಿ ರಿಪೇರಿ ಮಾಡುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಮನೆ. ಅವರು ತೀರಿಕೊಂಡು ಹದಿನಾರು ವರ್ಷವಾಗಿದೆ. ಈ ವಿಡಿಯೋ ಅದಕ್ಕೂ ಹಿಂದಿನದು, ನಾನು ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಾಗಿನದು. ಮಿಕ್ಸಿ ರಿಪೇರಿಗೆಂದು ಬಂದ ಯಾವುದೋ ಕಾಲೇಜು ಹುಡುಗಿ ತೆಗೆದು ಹಾಕಿದ್ದು. ಹೆಸರು ಗೊತ್ತಿಲ್ಲ. ನಾಲ್ಕು ನಿಮಿಷದ ಆ ತುಣುಕಿನಲ್ಲಿ ಅಪ್ಪ ತಾವು ಕಂಡುಹಿಡಿದ, ಕುಕ್ಕರಿನ ಕೂಗು ಎಣಿಸುವ ಯಂತ್ರವನ್ನು ತೋರಿಸುತ್ತಾರೆ. ಒಂದು ಹಳೆಯ ರೇಡಿಯೋ, ಒಂದು ಸೈಕಲ್ ಬೆಲ್ಲು, ಆಟದ ಕಾರಿನ ಮೋಟಾರು. ಕುಕ್ಕರ್ ಒಮ್ಮೆ ಕೂಗಿದರೆ ಬೆಲ್ಲು ಒಮ್ಮೆ ಹೊಡೆಯುತ್ತದೆ. ಮೂರನೆಯ ಕೂಗಿಗೆ ರೇಡಿಯೋ ಹಾಡಬೇಕು. ಹಾಡುವ ಬದಲು ಅದು ಈರುಳ್ಳಿ ಬೆಳೆಗೆ ತಗಲುವ ರೋಗಗಳ ವಿಚಾರ ಹೇಳಲು ಶುರುಮಾಡುತ್ತದೆ. ಆಗ ಅಪ್ಪ ಒಳಮನೆಯ ಕಡೆ ತಿರುಗಿ, “ಪುಷ್ಪಾ, ನಿನ್ನ ಲೆಕ್ಕದಲ್ಲಿ ಎಷ್ಟು ಕೂಗ್ತು?” ಎಂದು ಕೇಳುತ್ತಾರೆ.

“ನಿಮ್ಮ ಮಾತು ಕೇಳ್ತಾ ಲೆಕ್ಕ ತಪ್ಪೋಯ್ತು ಕಣ್ರೀ,” ಎಂದು ಒಳಗಿನಿಂದ ಅಮ್ಮನ ದನಿ.

“ನೋಡಿದ್ರಾ, ಅದಕ್ಕೇ ಇದು ಬೇಕಾಗಿರೋದು,” ಎನ್ನುತ್ತಾರೆ ಅಪ್ಪ, ಕ್ಯಾಮೆರಾ ನೋಡಿ.

ಆ ಕಾಲದಲ್ಲೇ ಜನ ಬಿದ್ದು ಬಿದ್ದು ನಕ್ಕಿದ್ದರು. ಈಗ ಯಾರೋ ಅದನ್ನು ಹುಡುಕಿ ತೆಗೆದು ಮತ್ತೆ ಹರಿಬಿಟ್ಟಿದ್ದರು. ಹಳೆಯ ವಿಡಿಯೋ ಹಾಗೆ ಹೊಸದಾಗಿ ಓಡಾಡತೊಡಗಿದರೆ ಜರಡಿಗೆ ಬೀಳುತ್ತದೆ. ಪರದೆಯ ಕೆಳಗೆ ತೀರ್ಮಾನ ಬರೆದಿತ್ತು. ಬೆಳಕು ಸರಿ. ಉಸಿರು ಸರಿ. ಜಗತ್ತಿನಲ್ಲಿ ಅಥವಾ ಸ್ಥಳದಲ್ಲಿ ಇಲ್ಲದ ವಸ್ತುಗಳು: ಹನ್ನೊಂದು. ಯಂತ್ರನಿರ್ಮಿತ. ಶುಕ್ರವಾರ ತೊಳೆತ.

ಸಾಮಾನ್ಯವಾಗಿ ಒಂದೋ ಎರಡೋ ಇರುತ್ತವೆ. ಹನ್ನೊಂದು ಎನ್ನುವ ಸಂಖ್ಯೆಯನ್ನು ನಾನು ಆ ಜಾಗದಲ್ಲಿ ನೋಡಿಯೇ ಇರಲಿಲ್ಲ. ಯಾವ ಹನ್ನೊಂದು ಎಂದು ಪಟ್ಟಿ ತೆರೆಯಲು ಹೋದರೆ ಪರದೆ ಮುಚ್ಚಿಕೊಂಡಿತು. ಸ್ವಂತದವರ ವಿಡಿಯೋವನ್ನು ನಾವು ಮುಟ್ಟುವಂತಿಲ್ಲ, ಅದು ನಿಯಮ. ಕಡತ ತಾನಾಗಿಯೇ ಎದುರು ಸಾಲಿನ ಶಾನ್ವಿಯ ಮೇಜಿಗೆ ಹೋಯಿತು. ಶಾನ್ವಿಗೆ ಇಪ್ಪತ್ತೈದು ವರ್ಷ. ಜರಡಿಯ ಮೂರನೆಯ ಹಂತ ನೋಡಿಕೊಳ್ಳುವ ಎಂಜಿನಿಯರ್. ಒಳ್ಳೆಯ ಹುಡುಗಿ, ಆದರೆ ಎಲ್ಲವನ್ನೂ ಕೈಪಿಡಿ ನೋಡಿಯೇ ಮಾಡುವವಳು.

“ಮೇಡಂ, ನಾನು ಸರಿಯಾಗಿ ನೋಡ್ತೀನಿ. ಆದ್ರೆ ಪಟ್ಟಿ ನಿಮಗೆ ತೋರಿಸಂಗಿಲ್ಲ,” ಎಂದಳು.

“ತೋರಿಸು ಅಂತ ಕೇಳಿದ್ನಾ?” ಎಂದು ರೇಗಿದೆ. ಕೇಳಬೇಕೆಂದು ಬಾಯಿ ತೆರೆದಿದ್ದಂತೂ ನಿಜ.

ಮನೆಯಲ್ಲಿ ಈ ವಿಷಯ ಹೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಈಗ ಎಲ್ಲರ ಮನೆಯಲ್ಲೂ ಅಡುಗೆ ಮಾಡುವುದು ಗೂಡು. ಅಡುಗೆಮನೆಯ ಗೋಡೆಯಲ್ಲಿ, ಹಿಂದೆ ದೀಪ ಇಡುತ್ತಿದ್ದ ಗೂಡಿನ ಅಳತೆಯಲ್ಲೇ ಕೂತಿರುವ ಆಳುಯಂತ್ರ. ಹೇಳಿದ್ದನ್ನು ತರಿಸುತ್ತದೆ, ಹೇಳಿದ್ದನ್ನು ಬೇಯಿಸುತ್ತದೆ. ಅಮ್ಮ ಸಾರು, ಪಲ್ಯ ಎಲ್ಲ ಅದಕ್ಕೆ ಬಿಟ್ಟರೂ ಅನ್ನವನ್ನು ಮಾತ್ರ ಬಿಟ್ಟಿಲ್ಲ. ಹಳೆಯ ಕುಕ್ಕರಿನಲ್ಲಿ ಅಕ್ಕಿ ಇಟ್ಟು, ಮೊದಲ ಕೂಗಿಗೆ ಅಪ್ಪನ ವಿಡಿಯೋ ಹಾಕುತ್ತಾಳೆ. ಅಪ್ಪ “ಎಷ್ಟು ಕೂಗ್ತು?” ಎಂದು ಕೇಳುವ ಹೊತ್ತಿಗೆ ನಮ್ಮ ಕುಕ್ಕರಿನದೂ ಮೂರಾಗಿರುತ್ತದೆ. ವಿಡಿಯೋದೊಳಗಿನ ಅಮ್ಮ ಲೆಕ್ಕ ತಪ್ಪಿತು ಎನ್ನುವ ಮೊದಲೇ ಹೊರಗಿನ ಅಮ್ಮ, “ಮೂರಾಯ್ತು ರೀ,” ಎಂದು ಉತ್ತರ ಕೊಟ್ಟು ಒಲೆ ಆರಿಸುತ್ತಾಳೆ. ಹದಿನಾರು ವರ್ಷದಿಂದ ದಿನವೂ ಇದೇ. ಅಪ್ಪನ ದನಿ ಬೇರೆಲ್ಲೂ ಉಳಿದಿಲ್ಲ. ಅವರ ಫೋನು ಅವರಿಗಿಂತ ಮೊದಲೇ ಸತ್ತಿತ್ತು. ಅಂಗಡಿ ಮುಚ್ಚಿದಾಗ ಆ ಯಂತ್ರವೂ ಗುಜರಿಗೆ ಹೋಯಿತು.

ಹೇಳಿದೆ. ಅಮ್ಮ ಸೌಟು ಕೆಳಗಿಟ್ಟಳು.

“ನಿಮ್ಮ ಜರಡಿ ತಪ್ಪು ಹೇಳಲ್ಲ ಅಂತ ನೀನೇ ಹೇಳ್ತಿದ್ದೆ.”

“ಇಲ್ಲಿವರೆಗೆ ತಪ್ಪಿಲ್ಲ ಕಣಮ್ಮ.”

“ಆ ಹುಡುಗಿ ಬಂದಿದ್ದು ನಂಗೆ ಜ್ಞಾಪಕ ಇದೆ,” ಎಂದಳು ಅಮ್ಮ. “ಇದೆಯೋ, ಇಲ್ಲಾ ದಿನಾ ವಿಡಿಯೋ ನೋಡಿ ನೋಡಿ ಇದೆ ಅಂದ್ಕೊಂಡಿದೀನೋ. ಹಂಗಾದ್ರೆ ನಾನು ಇಷ್ಟು ವರ್ಷ ಉತ್ತರ ಕೊಟ್ಟಿದ್ದು ಯಾರಿಗೆ?”

ನಮ್ಮ ಕೇಂದ್ರದ ಸಮಾಧಾನದ ವಾಕ್ಯ ನನಗೆ ಚೆನ್ನಾಗಿ ಬರುತ್ತದೆ. ಅಮ್ಮನ ಮುಂದೆ ಅದು ಬಾಯಿಗೆ ಬರಲಿಲ್ಲ. ನನಗೆ ನಾಚಿಕೆಯಾಯಿತು. ಎಷ್ಟು ಮನೆಗಳಲ್ಲಿ ಯಾರಾದರೂ ಹೀಗೆಯೇ ಸೌಟು ಕೆಳಗಿಟ್ಟು ನಿಂತಿದ್ದರೋ, ನಾನು ಆ ವಾಕ್ಯ ಓದಿ ಫೋನ್ ಇಟ್ಟಿದ್ದೆ.

ಮಂಗಳವಾರ ಅಮ್ಮ ವಿಡಿಯೋ ಹಾಕಲಿಲ್ಲ. ಕೂಗನ್ನು ತಾನೇ ಎಣಿಸಲು ಹೋದಳು. ಅನ್ನ ಗಂಜಿಯಾಯಿತು. ಬುಧವಾರ ಎರಡಕ್ಕೇ ಇಳಿಸಿದಳು, ಅನ್ನ ಕಾಳುಕಾಳಾಗಿತ್ತು. ಇಬ್ಬರೂ ಅದನ್ನೇ ತಿಂದೆವು.

ಗುರುವಾರ ಸಂಜೆ ನಾಲ್ಕೂವರೆಗೆ ಶಾನ್ವಿ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಮೂರು ದಿನ ಆ ಹುಡುಗಿ ಪಟ್ಟಿಯ ಮುಂದೆಯೇ ಕೂತಿದ್ದಳೆಂದು ನೋಡಿದ ಕೂಡಲೇ ಗೊತ್ತಾಯಿತು.

“ಮೇಡಂ, ನಿಮ್ಮನ್ನ ಏನೂ ಕೇಳಂಗಿಲ್ಲ. ಅಜ್ಜೀನ ಸಾಕ್ಷಿ ಅಂತ ಒಂದು ಮಾತು ಕೇಳ್ಬಹುದು,” ಎಂದು ಅಮ್ಮನ ಕಡೆ ತಿರುಗಿದಳು. “ಅಜ್ಜಿ, ತಾತ ಮಾಡಿದ ಗೀಡಿಯೋ ಇನ್ನೂ ಮನೇಲಿದ್ಯಾ?”

“ಏನದು?”

“ಗೀಡಿಯೋ. ವಿಡಿಯೋದಲ್ಲಿ ತಾತ ಹೇಳ್ತಾರೆ, ‘ಈ ರೇಡಿಯೋ ಗೀಡಿಯೋ ಎಲ್ಲಾ ಈಗ ಯಾರಿಗೆ ಬೇಕು’ ಅಂತ. ರೇಡಿಯೋ ಪಟ್ಟೀಲಿದೆ. ಗೀಡಿಯೋ ಅನ್ನೋ ಯಂತ್ರ ಪ್ರಪಂಚದ ಯಾವ ಕ್ಯಾಟಲಾಗಲ್ಲೂ ಇಲ್ಲ. ಅವರೇ ಕಂಡುಹಿಡಿದಿದ್ರೆ ಒಂದು ಫೋಟೋ ಸಾಕು, ನಾನು ಹೆಂಗಾದ್ರೂ ಮಾಡಿ ಸೇರಿಸ್ತೀನಿ. ಗಿಲ್ಬುದೂ ಒಂದಿದ್ರೆ ಒಳ್ಳೇದು. ಗಿಕ್ಕರ್ ಇದ್ರಂತೂ ಇನ್ನೂ ಒಳ್ಳೇದು.”

ಅಮ್ಮ ನನ್ನ ಮುಖ ನೋಡಿದಳು. ನಾನು ಅಮ್ಮನ ಮುಖ ನೋಡಿದೆ. ಆಮೇಲೆ ಅಮ್ಮ ನಗತೊಡಗಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದೆ, ನಿಲ್ಲಲಾಗದೆ, ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತು ನಕ್ಕಳು. ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ದಿನವೂ ಕೇಳಿ ಕೇಳಿ ಆ ಮಾತುಗಳು ನನ್ನ ಕಿವಿಗೆ ಬೀಳುವುದನ್ನೇ ಬಿಟ್ಟಿದ್ದವು.

“ಲೇ ಮಗಾ,” ಎಂದಳು ಅಮ್ಮ ಕಣ್ಣೊರೆಸಿಕೊಂಡು, “ನಿಮ್ಮನೇಲಿ ಯಾರೂ ಕಾಫಿ ಗೀಫಿ ಅಂತ ಅನ್ನಲ್ವಾ?”

“ಗೀಫಿ ಅಂದ್ರೆ?”

ತಪ್ಪು ಆ ಹುಡುಗಿಯದಲ್ಲ. ನಾವೇ ಬಿಟ್ಟುಬಿಟ್ಟಿದ್ದೆವು. ಗೂಡು ಮನೆಗೆ ಬಂದ ಹೊಸತರಲ್ಲಿ ಅಮ್ಮ “ಬಿಸ್ಕತ್ತು ಗಿಸ್ಕತ್ತು ತರಿಸಪ್ಪಾ,” ಎಂದಿದ್ದಳು. ‘ಗಿಸ್ಕತ್ತು ದೊರೆಯಲಿಲ್ಲ, ಬದಲಿಗೆ ಗಿಣ್ಣು ತರಿಸಲೇ?’ ಎಂದು ಗೂಡು ಕೇಳಿತು. ಇನ್ನೊಂದು ದಿನ “ಹುಳಿ ಗಿಳಿ ಏನಾದ್ರೂ ಮಾಡಿಡು,” ಎಂದದ್ದಕ್ಕೆ, ಗಿಳಿ ಸಂರಕ್ಷಿತ ಪಕ್ಷಿ, ಅದನ್ನು ಬೇಯಿಸುವುದು ಅಪರಾಧ ಎಂದು ಗದರಿತು. ಎಲ್ಲರ ಮನೆಯಲ್ಲೂ ಇದೇ ಕಥೆ. ವಸ್ತುವಿನ ಹೆಸರನ್ನು ಒಂದೇ ಸಲ ಸ್ಪಷ್ಟವಾಗಿ ಹೇಳಿ ಎಂದು ಗೂಡಿನ ಡಬ್ಬಿಯ ಮೇಲೇ ಅಚ್ಚಾಗಿತ್ತು. ಜನ ಪಾಠ ಕಲಿತರು. ಗೂಡಿನ ಮುಂದೆ ಬಿಟ್ಟ ಮಾತು ಮಕ್ಕಳ ಮುಂದೆಯೂ ಬಿಟ್ಟುಹೋಯಿತು. ಬರಹದಲ್ಲಿ ಇಂಥ ಮಾತು ಮೊದಲೇ ಕಡಿಮೆ. ಹೀಗಾಗಿ ಜರಡಿಗೆ ಕನ್ನಡ ಕಲಿಸಿದವರ ಕೈಗೆ ಅದು ಸಿಕ್ಕೇ ಇರಲಿಲ್ಲ.

ಅಮ್ಮ ಶಾನ್ವಿಗೆ ಪಾಠ ಹೇಳಿದಳು. “ಯಾವ ಮಾತಿಗಾದ್ರೂ ತಲೆ ತೆಗೆದು ‘ಗಿ’ ಹಾಕು. ಮೊದಲ ಅಕ್ಷರ ಉದ್ದ ಇದ್ರೆ ‘ಗೀ’ ಹಾಕು. ಕುಕ್ಕರ್ ಗಿಕ್ಕರ್. ಬಲ್ಬು ಗಿಲ್ಬು. ಟೇಪು ಗೀಪು.”

“ಅರ್ಥ ಏನಜ್ಜಿ?”

“ಅರ್ಥ ಏನಿಲ್ಲ. ಅದೂ, ಅದರ ಜೊತೇಲಿರೋದೂ ಅಂತ. ಪೂರ್ತಿ ಹೇಳಕ್ಕೆ ಸೋಮಾರಿತನ ಅಂತ. ಸ್ವಲ್ಪ ತಮಾಷೆ, ಸ್ವಲ್ಪ ಅಸಡ್ಡೆ. ‘ಡಾಕ್ಟ್ರು ಗೀಕ್ಟ್ರು ಬೇಡ’ ಅಂದ್ರೆ ಮಾತ್ರೆ, ಇಂಜೆಕ್ಷನ್ನು, ನಿನ್ನ ಬುದ್ಧಿವಾದ, ಯಾವುದೂ ಬೇಡ ಅಂತ.”

ಶಾನ್ವಿ ತನ್ನ ಪಟ್ಟಿ ತೆಗೆದು ನೋಡಿದಳು. ಅವಳ ತುಟಿ ಅಲುಗುತ್ತಿತ್ತು. ಕರೆಂಟು ಗಿರೆಂಟು. ವೈರು ಗೀರು. ಸ್ವಿಚ್ಚು ಗಿಚ್ಚು. ಮೂರು ದಿನದಿಂದ ಯಾವ ದೇಶದ ಯಂತ್ರ ಎಂದು ತಲೆ ಕೆಡಿಸಿಕೊಂಡಿದ್ದವಳು ತಲೆ ಮೇಲೆ ಕೈ ಹೊತ್ತು ಕೂತಳು. “ಗಿರೆಂಟ್ ಅಂದ್ರೆ ವಿದ್ಯುತ್ತಿನ ಹೊಸ ರೂಪ ಇರಬಹುದು ಅಂತ ನಾನು ಭೌತವಿಜ್ಞಾನದ ಮೇಷ್ಟ್ರಿಗೆ ಪತ್ರ ಬರೆದಿದೀನಿ, ಅಜ್ಜಿ,” ಎಂದಳು ಸಣ್ಣ ದನಿಯಲ್ಲಿ.

ಅಷ್ಟಕ್ಕೇ ಮುಗಿಯಲಿಲ್ಲ. ಜರಡಿಗೆ ಹೊಸ ನಿಯಮ ಕಲಿಸಬೇಕಾದರೆ ಆ ಮಾತನ್ನು ಹುಟ್ಟಿನಿಂದ ಆಡಿದವರೊಬ್ಬರು ಕೇಂದ್ರಕ್ಕೆ ಬಂದು, ಜರಡಿಯ ಮುಂದೆ ಮಾತಾಡಿ ಸಾಕ್ಷಿ ಹೇಳಬೇಕು. ಶುಕ್ರವಾರ ಹತ್ತೂವರೆಗೆ ಅಮ್ಮ ತನ್ನ ಹಸಿರು ರೇಷ್ಮೆ ಸೀರೆ ಉಟ್ಟು ನಿಯಂತ್ರಣ ಕೊಠಡಿಗೆ ಬಂದಳು. ನನ್ನನ್ನು ಗಾಜಿನ ಆಚೆ ನಿಲ್ಲಿಸಿದರು. ಕಿವಿಗೆ ಮಾತ್ರ ಎಲ್ಲ ಕೇಳುತ್ತಿತ್ತು. ಗಡಿಯಾರದ ಕೆಳಗೆ ತೊಳೆತಕ್ಕೆ ಉಳಿದ ಸಮಯ ಕೆಂಪಾಗಿ ಓಡುತ್ತಿತ್ತು.

“ಅಜ್ಜಿ, ಇಲ್ಲಿ ಕಾಣೋ ವಸ್ತುಗಳ ಹೆಸರು ಹೇಳಿ. ಜೋಡಿಯಾಗಿ,” ಎಂದಳು ಶಾನ್ವಿ.

ಅಮ್ಮ ಸುತ್ತ ನೋಡಿದಳು. “ಕುರ್ಚಿ ಗಿರ್ಚಿ. ಫೈಲು ಗೀಲು. ಕಿಟಕಿ ಗಿಟಕಿ.” ಮೊದಲು ಸಂಕೋಚವಿತ್ತು, ಆಮೇಲೆ ಲಹರಿ ಬಂತು. “ಏಸಿ ಗೀಸಿ ಹಾಕ್ಕೊಂಡು ಕೂತಿದೀರ, ಬಂದೋರಿಗೆ ನೀರು ಗೀರು ಕೊಡೋ ಪದ್ಧತಿ ಇಲ್ವಾ ನಿಮ್ಮಲ್ಲಿ?” ಕೊಠಡಿಯಲ್ಲಿ ಐವತ್ತು ದಾಟಿದವರೆಲ್ಲ ಕೆಲಸ ಬಿಟ್ಟು ಎದ್ದು ಬಂದರು. ಭದ್ರತೆಯವರು “ರಜಾ ಗಿಜಾ” ಎಂದರು. ಎಷ್ಟೋ ವರ್ಷದಿಂದ ಬಾಯಲ್ಲಿ ತಡೆದಿಟ್ಟುಕೊಂಡದ್ದನ್ನು ಒಬ್ಬೊಬ್ಬರಾಗಿ ಹೊರಗೆ ಹಾಕಿದರು. ನಾಚಿಕೆಯೂ ಖುಷಿಯೂ ಅವರ ಮುಖದಲ್ಲಿ ಬೆರೆತಿತ್ತು.

ಶಾನ್ವಿ ಬರೆದ ನಿಯಮ ಸರಳ. ಒಂದು ಹೆಸರಿನ ಬೆನ್ನಿಗೇ ತಲೆ ಬದಲಾಗಿ ‘ಗಿ’ ಅಥವಾ ‘ಗೀ’ ಬಂದಿದ್ದು, ಅಂಥ ವಸ್ತು ಜಗತ್ತಿನ ಪಟ್ಟಿಯಲ್ಲಿ ಇಲ್ಲವಾದರೆ, ಅದನ್ನು ವಸ್ತುವೆಂದು ಎಣಿಸಬೇಡ. ಹನ್ನೊಂದು ನಲವತ್ತಕ್ಕೆ ಅಪ್ಪನ ವಿಡಿಯೋವನ್ನು ಮತ್ತೆ ಜರಡಿಗೆ ಹಾಕಿದಳು. ಹನ್ನೊಂದು ದೋಷಗಳು ಹತ್ತಾದವು, ಏಳಾದವು, ಮೂರಾದವು. ಒಂದಕ್ಕೆ ಬಂದು ನಿಂತುಬಿಟ್ಟವು. ತೀರ್ಮಾನ ಬದಲಾಗಲಿಲ್ಲ. ಯಂತ್ರನಿರ್ಮಿತ.

“ಒಂದು ಉಳೀತು,” ಎಂದಳು ಶಾನ್ವಿ. “ಗಿಟಾರ್. ಇದು ಪಟ್ಟೀಲಿರೋ ವಸ್ತು, ಹಾಗಾಗಿ ನಿಯಮಕ್ಕೆ ಸಿಗಲಿಲ್ಲ. ತಾತ ಕೈ ತೋರಿಸಿ ‘ಎಲ್ಲಾ ಇಲ್ಲೇ ಇದೆ ನೋಡಿ’ ಅಂದಿದಾರೆ. ಅಂಗಡೀಲಿ ಗಿಟಾರ್ ಎಲ್ಲೂ ಕಾಣ್ತಿಲ್ಲ. ಅಜ್ಜಿ, ತಾತ ಗಿಟಾರ್ ಬಾರಿಸ್ತಿದ್ರಾ?”

“ಅವರಾ? ಅವರು ಬಾರಿಸ್ತಿದ್ದಿದ್ದು ರೇಡಿಯೋ ಸರಿಹೋಗ್ಲಿ ಅಂತ ಅದರ ತಲೆಗೆ ಮಾತ್ರ,” ಎಂದಳು ಅಮ್ಮ. ಉಳಿದದ್ದು ಹದಿನೆಂಟು ನಿಮಿಷ. ಅಮ್ಮನ ನಗು ಮಾಯವಾಗಿತ್ತು. “ಆ ಮಾತು ಒಂದ್ಸಲ ಹಾಕಮ್ಮ.”

ಶಾನ್ವಿ ಹಾಕಿದಳು. ಇಡೀ ಕೊಠಡಿಯಲ್ಲಿ ಅಪ್ಪನ ದನಿ ತುಂಬಿತು. “ಏನು ಮಹಾ, ಮೋಟಾರು ಗೀಟಾರು ಎಲ್ಲಾ ಇಲ್ಲೇ ಇದೆ ನೋಡಿ.”

ಅಮ್ಮ ಮೇಜು ತಟ್ಟಿದಳು. “ಮೋಟಾರು ಗೀಟಾರು ಕಣೇ. ಮೋ ತೆಗೆದು ಗೀ.”

ಶಾನ್ವಿ ನಿಯಮದ ಕೊನೆಯ ಸಾಲು ಅಳಿಸಿ ಹೊಸದಾಗಿ ಬರೆದಳು: ಪಟ್ಟಿಯಲ್ಲಿರುವ ವಸ್ತುವಾದರೂ, ಹಿಂದೆ ಅದರ ಜೋಡಿ ನಿಂತಿದ್ದರೆ ಎಣಿಸಬೇಡ. ಹನ್ನೊಂದು ಐವತ್ತೊಂದಕ್ಕೆ ಗುಂಡಿ ಒತ್ತಿದಳು. ಬೆಳಕು ಸರಿ. ಉಸಿರು ಸರಿ. ಇಲ್ಲದ ವಸ್ತುಗಳು ಸೊನ್ನೆ. ಕೆಳಗೆ ಒಂದೇ ಪದ ಹಸಿರಾಗಿ ಮೂಡಿತು: ಮನುಷ್ಯ.

ನಾನು ಗೋಡೆಗೆ ಒರಗಿ ನಿಂತೆ. ಒಳಗಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಅಮ್ಮ ಮಾತ್ರ ಆ ಹಸಿರು ಪದವನ್ನು ಕನ್ನಡಕ ಸರಿಮಾಡಿಕೊಂಡು ಓದಿ, “ಮನುಷ್ಯ ಗಿನುಷ್ಯ ಅಂತ ಸರ್ಟಿಫಿಕೇಟು ಬೇರೆ ಕೊಡ್ತೀರಾ ನೀವು,” ಎಂದಳು.

ಆ ವಾರದ ತೊಳೆತವನ್ನು ಮೇಲಿನವರು ತಡೆಹಿಡಿದರು. ಜರಡಿ ತಾನು ಅಳಿಸಿದ್ದನ್ನು ಒಂದು ವರ್ಷ ಇಟ್ಟುಕೊಂಡಿರುತ್ತದೆ. ಅದನ್ನೆಲ್ಲ ಹೊಸ ನಿಯಮಕ್ಕೆ ಹಾಕಿದಾಗ ನಾನೂರ ಹನ್ನೆರಡು ಕನ್ನಡದ ವಿಡಿಯೋಗಳು ಮನುಷ್ಯರದೇ ಎಂದು ಎದ್ದು ಬಂದವು. ಅಜ್ಜಂದಿರು, ಸೋದರತ್ತೆಯರು, ಮೇಷ್ಟ್ರುಗಳು, ಒಬ್ಬ ಬಸ್ ಕಂಡಕ್ಟರ್. ಒಂದು ವರ್ಷಕ್ಕಿಂತ ಹಳೆಯವು ಬರಲಿಲ್ಲ. ಅವುಗಳಲ್ಲಿ ಎಷ್ಟಕ್ಕೆ ನನ್ನ ಸಹಿ ಇತ್ತೋ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನಾನೂರ ಹನ್ನೆರಡು ಮನೆಗೂ ನಾನೇ ಫೋನ್ ಮಾಡುತ್ತೇನೆ ಎಂದು ಕೇಳಿಕೊಂಡೆ. ಅದಕ್ಕೆ ಕೇಂದ್ರದಲ್ಲಿ ಮಾದರಿ ವಾಕ್ಯ ಇರಲಿಲ್ಲ. ಮೊದಲ ಕರೆಗೆ ಚಳ್ಳಕೆರೆಯ ಒಬ್ಬರು ಸಿಕ್ಕರು. “ನಿಮ್ಮ ಅಜ್ಜಂದು ನಿಜವಾದದ್ದೇ, ತಪ್ಪು ನಮ್ಮದು,” ಎಂದೆ. ಫೋನ್ ಇಡುವ ಮೊದಲು ಅವರು ಹೆಂಡತಿಯನ್ನು ಕೂಗಿ ಕರೆಯುತ್ತಿದ್ದದ್ದು ಕೇಳಿಸಿತು.

ಸಂಜೆ ಮನೆಗೆ ಬಂದಾಗ ಅಮ್ಮ ಸೀರೆ ಬದಲಿಸಿ ಅಡುಗೆಮನೆಯಲ್ಲಿದ್ದಳು. ಶಾನ್ವಿ ಅದೇ ನಿಯಮವನ್ನು ನಮ್ಮ ಗೂಡಿಗೂ ಹಾಕಿಕೊಟ್ಟಿದ್ದಳು. ಪರೀಕ್ಷೆ ಮಾಡೋಣವೆಂದು ಅಮ್ಮ, “ಕಾಫಿ ಗೀಫಿ ಏನಾದ್ರೂ ಕೊಡಪ್ಪಾ,” ಎಂದಳು. ಗೂಡು ಸ್ವಲ್ಪ ತಡೆದು, “ಕಾಫಿ ಕೊಡುತ್ತೇನೆ. ಜೊತೆಗೆ ಕೋಡುಬಳೆ ಇದೆ, ಇಡಲೇ?” ಎಂದು ಕೇಳಿತು. ಅಮ್ಮ ಅದರ ಮಗ್ಗುಲನ್ನು ಮೆಲ್ಲಗೆ ತಟ್ಟಿದಳು.

ಆಮೇಲೆ ಅಕ್ಕಿ ತೊಳೆದು ಕುಕ್ಕರ್ ಇಟ್ಟಳು. ಮೊದಲ ಕೂಗಿಗೆ ವಿಡಿಯೋ ಹಾಕಿದಳು. ಅಪ್ಪ ರೇಡಿಯೋ ಗೀಡಿಯೋ ಎಂದರು, ಬಲ್ಬು ಗಿಲ್ಬು ಎಂದರು, ನಾನು ಒಂದೊಂದನ್ನೂ ಕಿವಿಗೊಟ್ಟು ಕೇಳಿದೆ. ಈರುಳ್ಳಿಯ ರೋಗದ ವಿಚಾರ ಶುರುವಾಯಿತು. ಅಪ್ಪ ಒಳಮನೆಯ ಕಡೆ ತಿರುಗಿದರು.

“ಪುಷ್ಪಾ, ನಿನ್ನ ಲೆಕ್ಕದಲ್ಲಿ ಎಷ್ಟು ಕೂಗ್ತು?”

ಅಮ್ಮ ಈ ಸಲ ನನ್ನ ಕಡೆ ನೋಡಿದಳು.

“ಮೂರಾಯ್ತು ಅಪ್ಪಾ,” ಎಂದು ನಾನು ಒಲೆ ಆರಿಸಿದೆ.